ಡ್ರಮ್ಮರ್ ಮುನ್ನಡೆಸಿದ ಫ್ರೀ ಜಾಝ್ ಕೇಳೋದು ಹೇಗೆ? ಮಿಲ್ಫರ್ಡ್ ಗ್ರೇವ್ಸ್ ಅವರ 'ಬಾಬಿ' ಆಲ್ಬಂಗೆ ಒಂದು ಮಾರ್ಗದರ್ಶಿ

ಜಾಝ್ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಇದೊಂದು ಪ್ರಶ್ನೆ ತಪ್ಪದೆ ಬರುತ್ತದೆ. "ಫ್ರೀ ಜಾಝ್ ಹಾಕಿ ನೋಡಿದೆ. ಎರಡು ನಿಮಿಷಕ್ಕೆ ತಲೆ ಚಿಟ್ಟು ಹಿಡೀತು. ಇದರಲ್ಲಿ ಕೇಳೋದಾದರೂ ಏನನ್ನ?" ಸಂಗೀತ ಕಲಿತವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. "ಡ್ರಮ್ಮರೇ ಲೀಡರ್ ಅಂತೀರಿ, ತಾಳವೇ ಸಿಗ್ತಿಲ್ವಲ್ಲ?"

ಎರಡೂ ನ್ಯಾಯವಾದ ಪ್ರಶ್ನೆಗಳೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಆಲ್ಬಂ ಹಿಡಿದು, ಅದನ್ನು ಕೇಳುವ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ. ಆಲ್ಬಂ ಹೆಸರು 'ಬಾಬಿ'. ಅಮೆರಿಕದ ಡ್ರಮ್ಮರ್ ಮಿಲ್ಫರ್ಡ್ ಗ್ರೇವ್ಸ್ ಅವರದ್ದು. 1976ರ ಮಾರ್ಚ್ 20ರಂದು ನ್ಯೂಯಾರ್ಕಿನಲ್ಲಿ ಜನರ ಮುಂದೆ ನುಡಿಸಿದ್ದು, 1977ರಲ್ಲಿ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಆಗಿ ಹೊರಬಂತು. ಇದು ಸುಲಭದ ಆಲ್ಬಂ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಇದು ಕಿವಿಗೆ ಹತ್ತಿದರೆ ಫ್ರೀ ಜಾಝ್‌ನಲ್ಲಿ ಉಳಿದ ಬಹುತೇಕ ಆಲ್ಬಂಗಳು ನಿಮ್ಮನ್ನು ಹೆದರಿಸುವುದಿಲ್ಲ.

ಶುರು ಮಾಡುವ ಮುಂಚೆ ಏನೇನು ಬೇಕು

ಒಳ್ಳೆಯ ಹೆಡ್‌ಫೋನ್ ಅಥವಾ ಸ್ವಲ್ಪ ದೊಡ್ಡ ಸ್ಪೀಕರ್ ಬೇಕು. ಫೋನಿನ ಸ್ಪೀಕರ್ ಸಾಲದು. ಈ ಆಲ್ಬಂನಲ್ಲಿ ಮುಖ್ಯವಾದ ಎಷ್ಟೋ ಸಂಗತಿ ಕೆಳಗಿನ ನಾದದಲ್ಲಿದೆ. ಫೋನಿನಲ್ಲಿ ಅದು ಮಾಯವಾಗಿ ಸ್ಯಾಕ್ಸೋಫೋನಿನ ಕಿರುಚು ಮಾತ್ರ ಉಳಿಯುತ್ತದೆ. "ತಲೆನೋವು" ಅಂದವರಲ್ಲಿ ಅರ್ಧ ಜನ ಹೀಗೆ ಕೇಳಿದವರೇ ಇರಬೇಕು ಅಂತ ನನ್ನ ಗುಮಾನಿ.

ಒಂದು ಗಂಟೆ ಬಿಡುವು ಬೇಕು. ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಲ್ಬಂ ಹುಡುಕುವಾಗ ಬರೀ 'ಬಾಬಿ' ಅಂತ ಹಾಕಿದರೆ ನೂರಾರು ಬೇರೆ ಹಾಡು ಸಿಗುತ್ತವೆ. ಮಿಲ್ಫರ್ಡ್ ಗ್ರೇವ್ಸ್ ಹೆಸರನ್ನೂ ಸೇರಿಸಿ. ಇಂಗ್ಲಿಷ್ ಕಾಗುಣಿತದಲ್ಲಿ 'ಎ' ಅಕ್ಷರದ ಮೇಲೆ ಎರಡು ಚುಕ್ಕೆ ಇದೆ, ಅದನ್ನು ಬಿಟ್ಟು ಟೈಪ್ ಮಾಡಿದರೂ ಸಾಮಾನ್ಯವಾಗಿ ಸಿಗುತ್ತದೆ. ಮೂರೇ ಟ್ರ್ಯಾಕ್: 'ಬಾ', 'ಬಿ', 'ಬಾಬಿ'. ಹಳೆಯ ಎಲ್‌ಪಿ ಅಪರೂಪ, ಬೆಲೆಯೂ ಜಾಸ್ತಿ. ಅದರ ಹಿಂದೆ ಬೀಳಬೇಡಿ. 2018ರಲ್ಲಿ ಶಿಕಾಗೋದ ಕಾರ್ಬೆಟ್ ವರ್ಸಸ್ ಡೆಂಪ್ಸಿ ಸಂಸ್ಥೆ ಇದನ್ನು ಎರಡು ಸಿಡಿಯಾಗಿ ಮತ್ತೆ ತಂದಿತು. ಎರಡನೇ ಸಿಡಿಯಲ್ಲಿ ಇದೇ ಮೂವರು 1969ರಲ್ಲಿ ನುಡಿಸಿದ್ದು ಇದೆ. ಸದ್ಯಕ್ಕೆ ಆ ಎರಡನೆಯದನ್ನು ಪಕ್ಕಕ್ಕಿಡಿ.

ವಾಲ್ಯೂಮ್ ಬಗ್ಗೆ ಒಂದು ಎಚ್ಚರಿಕೆ. ಈ ಆಲ್ಬಂ ಜೋರಾಗಿಯೇ ಇದೆ, ನೀವು ಇನ್ನೂ ಜೋರು ಮಾಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹೆಡ್‌ಫೋನ್ ಹಾಕಿದ್ದೀರಿ ಅಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಾಕು.

ಹಂತ 1: ನಾಲ್ಕು ಪದ ತಿಳಿದುಕೊಳ್ಳಿ

ಫ್ರೀ ಜಾಝ್: ಜಾಝ್‌ನಲ್ಲಿ ಸಾಮಾನ್ಯವಾಗಿ ಹಾಡಿನ ಒಂದು ಧಾಟಿ, ಅದರಡಿ ಸ್ವರಗುಚ್ಛಗಳ (ಒಟ್ಟಿಗೆ ನುಡಿಸುವ ಕೆಲವು ಸ್ವರಗಳ) ಒಂದು ಸರಣಿ, ಅದಕ್ಕೊಂದು ನಿಗದಿಯಾದ ಲೆಕ್ಕ ಇರುತ್ತದೆ. ಕಲಾವಿದರು ಅದರೊಳಗೆ ಮನೋಧರ್ಮ ತೋರಿಸುತ್ತಾರೆ. 1960ರ ಸುಮಾರಿಗೆ ಕೆಲವರು ಈ ಚೌಕಟ್ಟನ್ನೇ ಸಡಿಲಿಸಿದರು. ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ 1960ರ ಡಿಸೆಂಬರಿನಲ್ಲಿ ರೆಕಾರ್ಡ್ ಮಾಡಿದ 'ಫ್ರೀ ಜಾಝ್' ಅನ್ನುವ ಆಲ್ಬಂ ಹೆಸರೇ ಇಡೀ ಬಗೆಯ ಸಂಗೀತಕ್ಕೆ ಅಂಟಿಕೊಂಡಿತು.

ರೈಡ್ ಸಿಂಬಲ್: ಡ್ರಮ್ಮರ್ ಬಲಗೈ ಪಕ್ಕ ಇರುವ ದೊಡ್ಡ ತಟ್ಟೆ. 1940ರ ಸುಮಾರಿನಿಂದ ಜಾಝ್‌ನಲ್ಲಿ ಲಯ ಕಾಯುವ ಕೆಲಸ ಇದರದ್ದು. ಅದಕ್ಕೂ ಮುಂಚೆ ಆ ಕೆಲಸವನ್ನು ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ ಮಾಡುತ್ತಿತ್ತು. ಅಲ್ಲಿಂದ ಇಲ್ಲಿಗೆ ತಂದವರಲ್ಲಿ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಮುಖ್ಯರು.

ಸ್ನೇರ್: ಮೊಣಕಾಲ ನಡುವೆ ಇರುವ ಚಪ್ಪಟೆ ಡ್ರಮ್. ತಳದಲ್ಲಿ ತಂತಿಗಳಿರುತ್ತವೆ. 'ಝರ್' ಅನ್ನುವ ಸದ್ದು ಅವುಗಳಿಂದ. ಮದುವೆ ಬ್ಯಾಂಡಿನಲ್ಲಿ ಕೇಳಿರುತ್ತೀರಿ.

ಓವರ್‌ಬ್ಲೋಯಿಂಗ್: ಸ್ಯಾಕ್ಸೋಫೋನಿಗೆ ಬೇಕಾದದ್ದಕ್ಕಿಂತ ಬಿರುಸಾಗಿ ಊದುವುದು. ಆಗ ಸ್ವರ ಒಡೆಯುತ್ತದೆ. ಒಂದೇ ಊದಿನಲ್ಲಿ ಎರಡು ಮೂರು ಸ್ವರ ಒಟ್ಟಿಗೆ ಬರಬಹುದು, ಕಿರುಚಿದಂತೆ ಕೇಳಬಹುದು. ಇದು ತಪ್ಪಿ ಆಗುವುದಲ್ಲ, ಬೇಕೆಂದೇ ಮಾಡುವುದು. ಇದಕ್ಕೆ ಉಸಿರೂ ತುಟಿಯೂ ತುಂಬ ಹಿಡಿತದಲ್ಲಿರಬೇಕು.

ಹಂತ 2: ಕಿವಿ ಹದ ಮಾಡಿಕೊಳ್ಳಿ

ನೇರವಾಗಿ 'ಬಾಬಿ'ಗೆ ಹಾರಬೇಡಿ. ಮುಂಚೆ ಮೂರು ರೆಕಾರ್ಡಿಂಗ್ ಕೇಳಿ. ಈ ಕ್ರಮದಲ್ಲೇ ಕೇಳಿ. ಕ್ರಮಕ್ಕೆ ಕಾರಣವಿದೆ.

ಮೊದಲನೆಯದು ಮ್ಯಾಕ್ಸ್ ರೋಚ್ ಅವರ 'ದ ಡ್ರಮ್ ಆಲ್ಸೋ ವಾಲ್ಟ್ಜಸ್', 1966ರದ್ದು. ಒಬ್ಬರೇ ಡ್ರಮ್ ನುಡಿಸುತ್ತಾರೆ. ಎರಡೂ ಕಾಲು ಮೂರು ಎಣಿಕೆಯ ಒಂದೇ ಮಾದರಿಯನ್ನು ಬಿಡದೆ ಹಿಡಿದಿರುತ್ತವೆ. ಕೈಗಳು ಅದರ ಮೇಲೆ ಮಾತಾಡುತ್ತವೆ. ತಾಳ ಹಾಕಿಕೊಂಡು ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಕೇಳಿ ಅಭ್ಯಾಸ ಇರುವವರಿಗೆ ಇದು ತಕ್ಷಣ ಹಿಡಿಸುತ್ತದೆ.

ಎರಡನೆಯದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್', 1964ರ ಡಿಸೆಂಬರಿನ ರೆಕಾರ್ಡಿಂಗ್. ಅದರ ಮೂರನೇ ಭಾಗ ಎಲ್ವಿನ್ ಜೋನ್ಸ್ ಅವರ ಡ್ರಮ್ ಸೋಲೋದಿಂದ ಶುರುವಾಗುತ್ತದೆ. ಲಯ ಇನ್ನೂ ಇದೆ, ಆದರೆ ಒಂದರ ಮೇಲೊಂದು ಮೂರು ನಾಲ್ಕು ಪದರ ಬಂದು 'ಒಂದು' ಎಲ್ಲಿ ಬಿತ್ತು ಅಂತ ಹುಡುಕಬೇಕಾಗುತ್ತದೆ.

ಮೂರನೆಯದು ಮತ್ತೆ ಕೋಲ್ಟ್ರೇನ್. 1967ರ ಫೆಬ್ರವರಿಯಲ್ಲಿ ಡ್ರಮ್ಮರ್ ರಶೀದ್ ಅಲಿ ಜೊತೆ ಇಬ್ಬರೇ ನುಡಿಸಿದ 'ಇಂಟರ್‌ಸ್ಟೆಲ್ಲರ್ ಸ್ಪೇಸ್'. ಇಲ್ಲಿ ಎಣಿಕೆ ಹೋಯಿತು. ಆದರೂ ಮುಂದಕ್ಕೆ ತಳ್ಳುವ ಒಂದು ಚಲನೆ ನಿಂತಿಲ್ಲ, ಗಮನಿಸಿ.

ಈ ಮೂರನ್ನು ಒಂದೇ ದಿನ ಕೇಳಬೇಕಂತೇನೂ ಇಲ್ಲ. ದಿನಕ್ಕೊಂದರಂತೆ ಕೇಳಿದರೂ ಆಯಿತು. ಕೊನೆಯದು ಇಷ್ಟವಾಗದಿದ್ದರೂ ಪರವಾಗಿಲ್ಲ, ಕಿವಿಗೆ ಪರಿಚಯ ಆಗಿರುತ್ತದೆ ಅಷ್ಟೇ ಸಾಕು.

ಹಂತ 3: ನುಡಿಸುವವರು ಯಾರು ಅಂತ ತಿಳಿಯಿರಿ

ಮಿಲ್ಫರ್ಡ್ ಗ್ರೇವ್ಸ್ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಮೈಕಾ ಅನ್ನುವ ಬಡಾವಣೆಯಲ್ಲಿ. ಶುರುವಿನಲ್ಲಿ ಕಾಂಗಾ, ಟಿಂಬಾಲೆಯಂಥ ಲ್ಯಾಟಿನ್ ತಾಳವಾದ್ಯ ನುಡಿಸುತ್ತಿದ್ದರು, ತಮ್ಮದೇ ಲ್ಯಾಟಿನ್ ಬ್ಯಾಂಡೂ ಇತ್ತು. 1964ರಲ್ಲಿ ನ್ಯೂಯಾರ್ಕ್ ಆರ್ಟ್ ಕ್ವಾರ್ಟೆಟ್ ಸೇರಿ ಫ್ರೀ ಜಾಝ್‌ಗೆ ಬಂದರು. 1965ರಲ್ಲಿ ವಸಂತ ಸಿಂಗ್ ಎಂಬುವರ ಹತ್ತಿರ ತಬಲಾ ಕಲಿತರು. ನಮಗೆ ಇದು ಮುಖ್ಯವಾದ ಸುಳಿವು, ಮುಂದಿನ ಹಂತದಲ್ಲಿ ಬೇಕಾಗುತ್ತದೆ. 1967ರಲ್ಲಿ ಕೋಲ್ಟ್ರೇನ್ ಅಂತ್ಯಕ್ರಿಯೆಯಲ್ಲಿ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್ ತಂಡ ನುಡಿಸಿದಾಗ ಡ್ರಮ್ ಮುಂದೆ ಕೂತಿದ್ದವರು ಇವರೇ. 1973ರಿಂದ 2012ರವರೆಗೆ ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಕಾಲೇಜಿನಲ್ಲಿ ಪಾಠ ಮಾಡಿದರು. 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಉಳಿದಿಬ್ಬರು ಆರ್ಥರ್ ಡಾಯ್ಲ್ ಮತ್ತು ಹ್ಯೂ ಗ್ಲೋವರ್. ಇಬ್ಬರೂ ಸ್ಯಾಕ್ಸೋಫೋನ್ ಜಾತಿಯ ಊದುವ ವಾದ್ಯದವರು. ಡಾಯ್ಲ್ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಕಡೆಯವರು. ವಾದ್ಯದೊಳಗೆ ಊದುತ್ತಲೇ ಗಂಟಲಿನಿಂದಲೂ ಸ್ವರ ಹೊರಡಿಸುವುದು ಅವರ ಗುರುತು. ಗ್ಲೋವರ್ ಗ್ರೇವ್ಸ್ ಜೊತೆ ಬಹಳ ಕಾಲ ಇದ್ದವರು. ಅವರ ರೆಕಾರ್ಡಿಂಗುಗಳು ಕಡಿಮೆ.

ಇಲ್ಲಿ ಯಾರು ಇಲ್ಲ ಅನ್ನುವುದನ್ನೂ ನೋಡಿ. ಪಿಯಾನೋ ಇಲ್ಲ. ಬೇಸ್ (ಕೆಳಸ್ವರದ ದೊಡ್ಡ ತಂತಿವಾದ್ಯ) ಕೂಡ ಇಲ್ಲ. ಅಂದರೆ ಶ್ರುತಿ ಹಿಡಿಯುವವರೂ ಇಲ್ಲ, ನೆಲ ಹಾಕಿಕೊಡುವವರೂ ಇಲ್ಲ. ಕೆಳಗಿನ ನಾದವೆಲ್ಲ ಡ್ರಮ್ಮಿನಿಂದಲೇ ಬರಬೇಕು. ಡ್ರಮ್ಮರ್ ಲೀಡರ್ ಅಂದರೆ ಇಲ್ಲಿ ಪೋಸ್ಟರಿನಲ್ಲಿ ಹೆಸರು ಮೇಲಿದೆ ಅಂತಷ್ಟೇ ಅಲ್ಲ. ಡ್ರಮ್ ತೆಗೆದರೆ ನಿಲ್ಲಲು ಜಾಗವೇ ಇರುವುದಿಲ್ಲ.

ಹಂತ 4: ತಾಳ ಹಾಕುವುದನ್ನು ನಿಲ್ಲಿಸಿ

ಕನ್ನಡದ ಕೇಳುಗರು ಜಾಸ್ತಿ ಎಡವುವುದು ಇಲ್ಲೇ. ಅದರಲ್ಲೂ ಕರ್ನಾಟಕ ಸಂಗೀತ ಗೊತ್ತಿರುವವರು. ಡ್ರಮ್ ಕೇಳಿದ ಕೂಡಲೇ ಕೈ ತೊಡೆಗೆ ಹೋಗುತ್ತದೆ. ಆದಿಯಾ, ಖಂಡ ಚಾಪಾ ಅಂತ ಮನಸ್ಸು ಹುಡುಕುತ್ತದೆ. ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಮುಕ್ತಾಯ) ಎಲ್ಲಿ ಬರುತ್ತದೆ, ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಯಾವಾಗ ಬಂದು ಕೂರುತ್ತದೆ ಅಂತ ಕಾಯುತ್ತೀರಿ. ಅದು ಬರುವುದಿಲ್ಲ. ಹತ್ತು ನಿಮಿಷ ಕಾದು ಸಿಟ್ಟು ಬರುತ್ತದೆ. "ಇವನಿಗೆ ಲಯ ಜ್ಞಾನವೇ ಇಲ್ಲ" ಅಂತ ಎದ್ದು ಹೋಗುತ್ತೀರಿ.

ಇದನ್ನು ತನಿ ಆವರ್ತನದ ಪಕ್ಕ ಇಡಬೇಡಿ. ಆಲಾಪನೆಯ (ತಾಳವಿಲ್ಲದೆ ರಾಗವನ್ನು ಬಿಡಿಸುವುದರ) ಪಕ್ಕ ಇಡಿ. ತೋಡಿ ಆಲಾಪನೆ ಅರ್ಧ ಗಂಟೆ ಕೇಳುವಾಗ ಯಾರಾದರೂ ತಾಳ ಎಲ್ಲಿ ಅಂತ ಕೇಳುತ್ತಾರಾ? ಇಲ್ಲ ಅಲ್ವಾ? ಆದರೆ ಆಲಾಪನೆಗೂ ನಡಿಗೆ ಇದೆ. ಕೆಳಗಿನ ಷಡ್ಜದಿಂದ ಮೆಲ್ಲಗೆ ಹತ್ತಿ, ಒಂದು ಸ್ವರದಲ್ಲಿ ಕೂತು, ವೇಗದ ಬಿರ್ಕಾ ಸ್ವರಗಳನ್ನು ಹಾರಿಸಿ, ಇಳಿಯುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ನಿಮಗೆ ಗೊತ್ತಾಗುತ್ತದೆ. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ವೀಣೆಯ ತಾನ. ಅಲ್ಲಿ ಮಿಡಿತ ಇದೆ, ತಾಳ ಇಲ್ಲ. ಗ್ರೇವ್ಸ್ ಇದನ್ನು ಡ್ರಮ್ಮಿನಲ್ಲಿ ಮಾಡುತ್ತಾರೆ. ತಾನಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕಾಲಪ್ರಮಾಣವನ್ನೂ, ಅಂದರೆ ಒಂದೇ ವೇಗವನ್ನೂ, ಬಿಡುತ್ತಾರೆ. ವೇಗ ಏರುತ್ತದೆ, ಇಳಿಯುತ್ತದೆ, ಬೇರೆ ಬೇರೆ ಕೈಕಾಲಿನಲ್ಲಿ ಬೇರೆ ಬೇರೆ ವೇಗ ಇರುತ್ತದೆ.

ನನ್ನ ಮಟ್ಟಿಗೆ ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಈ ಒಂದು ಬದಲಾವಣೆ ಮಾಡಿಕೊಂಡರೆ ಉಳಿದದ್ದೆಲ್ಲ ಹಿಂದಿನಿಂದ ಬರುತ್ತದೆ.

ಒಂದು ಉಪಾಯ: ಮೊದಲ ಸಲ ಕೇಳುವಾಗ ಎರಡೂ ಅಂಗೈಯನ್ನು ತೊಡೆಯ ಮೇಲೆ ಸುಮ್ನೆ ಮೇಲ್ಮುಖ ಮಾಡಿ ಇಡಿ. ಬೆರಳು ಎಣಿಸಲು ಹೊರಟರೆ ನಿಮಗೇ ಗೊತ್ತಾಗುತ್ತದೆ.

ಹಂತ 5: ಮೊದಲ ಸುತ್ತು, ಬರೀ ಡ್ರಮ್

ಈಗ 'ಬಾ' ಹಾಕಿ. ಐದು ನಿಮಿಷ ಸಾಕು. ಊದುವವರು ಎಷ್ಟೇ ಕೂಗಲಿ, ಅವರ ಹಿಂದೆ ಹೋಗಬೇಡಿ. ಡ್ರಮ್ ಕಡೆಗೇ ಕಿವಿ ಇಡಿ. ಮೊದಲ ಸಲ ಇದು ಕಷ್ಟ, ಯಾಕೆಂದರೆ ನಮ್ಮ ಕಿವಿ ಎತ್ತರದ ಸ್ವರದ ಹಿಂದೆ ತಾನಾಗಿ ಓಡುತ್ತದೆ.

ಮೊದಲು ಲೋಹದ ಸದ್ದು ಮತ್ತು ಮುಚ್ಚಿಗೆಯ ಸದ್ದು ಬೇರೆ ಮಾಡಿಕೊಳ್ಳಿ. ಮುಚ್ಚಿಗೆ ಅಂದರೆ ವಾದ್ಯದ ಬಾಯಿಗೆ ಬಿಗಿದ ಹೊದಿಕೆ, ಮೃದಂಗದಲ್ಲಿ ಚರ್ಮದ್ದು, ಡ್ರಮ್ ಸೆಟ್ಟಿನಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್. ಸಾಮಾನ್ಯ ಜಾಝ್‌ನಲ್ಲಿ ರೈಡ್ ಸಿಂಬಲ್ ನಿಮಗೆ ದಾರಿ ತೋರಿಸುತ್ತದೆ. ಇಲ್ಲಿ ಆ ಭರವಸೆ ಇಲ್ಲ. ಮುಚ್ಚಿಗೆಯ ಸದ್ದೇ ಕತೆ ಹೇಳುತ್ತದೆ.

ಗ್ರೇವ್ಸ್ ತಮ್ಮ ಡ್ರಮ್ಮುಗಳ ಕೆಳಗಿನ ಮುಚ್ಚಿಗೆಯನ್ನು ತೆಗೆದುಬಿಡುತ್ತಿದ್ದರು. ಸ್ನೇರಿನ 'ಝರ್' ಸದ್ದನ್ನೂ ದೂರ ಇಟ್ಟರು. ಇದರಿಂದ ಏನಾಗುತ್ತದೆ? ಎರಡು ಮುಚ್ಚಿಗೆ ಇದ್ದರೆ ಒಳಗಿನ ಗಾಳಿ ಎರಡರ ನಡುವೆ ಆಡಿ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಒಂದೇ ಇದ್ದರೆ ಸದ್ದು ಗಿಡ್ಡ, ಒಣ, ನೇರ. ಎಲ್ಲಿ ಹೊಡೆದರು, ಎಷ್ಟು ಒತ್ತಿದರು ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ತಬಲಾ ಕಲಿತ ಕೈ ಇದು ಅನ್ನುವುದನ್ನು ಇಲ್ಲಿ ನೆನಪಿಡಿ. ಒಂದೇ ಮುಚ್ಚಿಗೆಯ ಬೇರೆ ಬೇರೆ ಜಾಗದಿಂದ ಬೇರೆ ಬೇರೆ ನಾದ ತೆಗೆಯುವ ಬುದ್ಧಿ ನಮ್ಮ ತಾಳವಾದ್ಯದವರಿಗೆ ಹೊಸದಲ್ಲ. ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ಮೇಲೆ ಮಣಿಕಟ್ಟು ಒತ್ತಿ ನಾದ ಜಾರಿಸುವುದನ್ನು, ಮೃದಂಗದ ಎಡಗಡೆಯಿಂದ ಬರುವ 'ಗುಂ' ಅನ್ನುವ ಜಾರುನಾದವಾದ ಗುಮ್ಕಿಯನ್ನು ಕೇಳಿದವರಿಗೆ ಡ್ರಮ್ ಮಾತಾಡುತ್ತದೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಹಾಳೆ ತೆಗೆಯಿರಿ. ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯುತ್ತಾ ಹೋಗಿ. ಡ್ರಮ್ಮಿನ ಏಟು ದಟ್ಟವಾದರೆ ಗೆರೆ ಮೇಲಕ್ಕೆ, ತೆಳುವಾದರೆ ಕೆಳಕ್ಕೆ. ಜೋರು, ಮೆಲ್ಲಗೆ ಅನ್ನುವುದನ್ನಲ್ಲ, ದಟ್ಟಣೆಯನ್ನು ಮಾತ್ರ ನೋಡಿ. ಐದು ನಿಮಿಷ ಆದ ಮೇಲೆ ಆ ಗೆರೆ ನೋಡಿ. ಸಪಾಟಾಗಿ ಇರುವುದಿಲ್ಲ. ಏರು, ಇಳಿವು, ಮತ್ತೆ ಏರು. 'ಒಂದೇ ಗಲಾಟೆ' ಅನ್ನಿಸಿದ್ದಕ್ಕೆ ಒಂದು ಆಕಾರ ಇದೆ ಅಂತ ನಿಮ್ಮ ಕೈಯೇ ತೋರಿಸಿಕೊಡುತ್ತದೆ.

ಗೆರೆ ಸಪಾಟಾಗೇ ಬಂದರೆ ನೀವು ಸ್ಯಾಕ್ಸೋಫೋನ್ ಹಿಂದೆ ಹೋಗಿದ್ದೀರಿ ಅಂತ ಅರ್ಥ. ಇನ್ನೊಂದು ಹಾಳೆ ತೆಗೆದುಕೊಳ್ಳಿ.

ಹಂತ 6: ಎರಡನೇ ಸುತ್ತು, ಉಸಿರು

ಈಗ ಊದುವವರ ಸರದಿ. ಇಲ್ಲಿ ಸ್ವರ ಯಾವುದು ಅಂತ ಹುಡುಕಬೇಡಿ. ಉಸಿರು ಎಲ್ಲಿ ಮುಗಿಯಿತು ಅಂತ ನೋಡಿ. ಪ್ರತಿಯೊಂದು ಸಾಲೂ ಒಂದು ಉಸಿರಿನಷ್ಟು ಉದ್ದ. ಉಸಿರು ಮುಗಿದಾಗ ಒಂದು ಸಣ್ಣ ಸಂದು. ಆ ಸಂದಿನಲ್ಲಿ ಡ್ರಮ್ ಏನು ಮಾಡಿತು? ತುಂಬಿತಾ, ಬಿಟ್ಟುಕೊಟ್ಟಿತಾ, ತಾನೇ ಹೊಸ ದಾರಿ ಹಿಡಿಯಿತಾ?

ಇಬ್ಬರು ಊದುವವರನ್ನು ಬೇರೆ ಮಾಡುವುದು ಮೊದಲಿಗೆ ಆಗದಿರಬಹುದು. ಎಷ್ಟೋ ಕಡೆ ಇಬ್ಬರೂ ಒಂದೇ ಎತ್ತರದಲ್ಲಿ ಒಟ್ಟಿಗೆ ಏರುತ್ತಾರೆ. ಬೇರೆ ಮಾಡಲೇಬೇಕು ಅಂತ ಹಟ ಬೇಡ. ಕೂಗಿನೊಳಗೆ ಮನುಷ್ಯರ ಗಂಟಲು ಕೇಳಿಸಿದರೆ ಗಾಬರಿಯಾಗಬೇಡಿ. ವಾದ್ಯದೊಳಗಿನ ಗಂಟಲು ಇರಬಹುದು, ಡ್ರಮ್ ಹಿಂದಿನಿಂದ ಗ್ರೇವ್ಸ್ ಕೂಗುವುದೂ ಇರಬಹುದು. ಅವರು ಕೈ ಕಾಲು ಜೊತೆಗೆ ಬಾಯನ್ನೂ ವಾದ್ಯ ಮಾಡಿಕೊಂಡವರು.

ಇಲ್ಲಿ ಓದುಗರು ಕೇಳುವ ಇನ್ನೊಂದು ಪ್ರಶ್ನೆ: "ಇವರು ಯಾಕಿಷ್ಟು ಸಿಟ್ಟಿನಲ್ಲಿದ್ದಾರೆ?" ಆ ಕಾಲದ ಕಪ್ಪು ಕಲಾವಿದರ ಸಂಗೀತದ ಬಗ್ಗೆ ಇದನ್ನು ಅಂದೂ ಕೇಳುತ್ತಿದ್ದರು, ಇಂದೂ ಕೇಳುತ್ತಾರೆ. ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು, ನಿಜ. ಆದರೆ ಜೋರಾದದ್ದೆಲ್ಲ ಸಿಟ್ಟಲ್ಲ. ಕರಗ ಹೊರಡುವ ರಾತ್ರಿ ತಮಟೆ, ನಾದಸ್ವರ ಎರಡೂ ಬಿರುಸಾಗಿ ಏರಿದಾಗ ಅದನ್ನು ಸಿಟ್ಟು ಅನ್ನುತ್ತೀರಾ? ನನಗೆ 'ಬಾಬಿ'ಯಲ್ಲಿ ಕೇಳುವುದು ಹೆಚ್ಚಾಗಿ ಹುರುಪು.

ಹಂತ 7: ಲೈವ್ ಅನ್ನುವುದನ್ನು ಮರೆಯಬೇಡಿ

ಇದು ನುಡಿಸಿದ್ದು ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೋದ 'ಫ್ರೀ ಮ್ಯೂಸಿಕ್ ಸ್ಟೋರ್' ಎಂಬ ಕಛೇರಿ ಮಾಲೆಯಲ್ಲಿ. ಈ ರೇಡಿಯೋ ಜಾಹೀರಾತಿನಿಂದ ನಡೆಯುವುದಲ್ಲ, ಕೇಳುಗರ ದೇಣಿಗೆಯಿಂದ ನಡೆಯುವುದು. ಸ್ಟುಡಿಯೋದ ನುಣುಪು ಇಲ್ಲಿಲ್ಲ. ಸದ್ದು ತುಂಬಿ ತುಳುಕಿದೆ. ಕೇಳುಗರೂ ಸುಮ್ಮನಿಲ್ಲ, ಅವರ ಕೂಗೂ ಒಳಗೆ ಸೇರಿದೆ. ಕಛೇರಿಯಲ್ಲಿ 'ಭಲೇ' ಅಂದಾಗ ಹಾಡುವವರಿಗೆ ಹುಮ್ಮಸ್ಸು ಬರುವುದು ನಮಗೆ ಗೊತ್ತೇ ಇದೆ. ಜನ ಕೂಗಿದ ಮೇಲೆ ಡ್ರಮ್ ಏನಾಯಿತು ಅಂತ ಗಮನಿಸಿ.

ಆ ದಿನಗಳ ನ್ಯೂಯಾರ್ಕಿನಲ್ಲಿ ಇಂಥ ಸಂಗೀತಕ್ಕೆ ದೊಡ್ಡ ಕ್ಲಬ್ಬುಗಳ ಬಾಗಿಲು ಅಷ್ಟಾಗಿ ತೆರೆಯುತ್ತಿರಲಿಲ್ಲ. ಖಾಲಿ ಬಿದ್ದ ಗೋದಾಮು, ಕಾರ್ಖಾನೆ ಮಹಡಿಗಳಲ್ಲಿ ಕಲಾವಿದರೇ ಜಾಗ ಮಾಡಿಕೊಂಡರು. ಸ್ಯಾಕ್ಸೋಫೋನ್ ವಾದಕ ಸ್ಯಾಮ್ ರಿವರ್ಸ್ 'ಸ್ಟುಡಿಯೋ ರಿವ್‌ಬೀ' ನಡೆಸಿದರು, ರಶೀದ್ ಅಲಿ 'ಅಲೀಸ್ ಆ್ಯಲಿ' ನಡೆಸಿದರು. ರೆಕಾರ್ಡ್ ಕೂಡ ಹಾಗೇ. 'ಬಾಬಿ'ಯನ್ನು ಹೊರತಂದ ಐಪಿಎಸ್ ಎಂಬ ಲೇಬಲ್ (ರೆಕಾರ್ಡ್ ಹೊರತರುವ ಸಂಸ್ಥೆ) ಗ್ರೇವ್ಸ್ ಮತ್ತು ಇನ್ನೊಬ್ಬ ಡ್ರಮ್ಮರ್ ಆ್ಯಂಡ್ರೂ ಸಿರಿಲ್ ಸೇರಿ ನಡೆಸಿದ್ದು. ಅದಕ್ಕೂ ಮುಂಚೆ, 1966ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪಿಯಾನೋ ವಾದಕ ಡಾನ್ ಪುಲನ್ ಜೊತೆ ನುಡಿಸಿದ ಕಛೇರಿಯನ್ನೂ ಗ್ರೇವ್ಸ್ ತಾವೇ ಹೊರತಂದಿದ್ದರು. ಅದರ ಕೆಲವು ಪ್ರತಿಗಳ ರಟ್ಟಿಗೆ ಕೈಯಿಂದಲೇ ಬಣ್ಣ ಹಚ್ಚಿದ್ದರು. ಯಾರ ಅಪ್ಪಣೆಯೂ ಬೇಕಿಲ್ಲದೆ ಮಾಡಿದ ಸಂಗೀತ ಇದು. ಅದು ನುಡಿಸಾಣಿಕೆಯಲ್ಲೂ ಕೇಳುತ್ತದೆ ಅಂತ ನನಗನ್ನಿಸುತ್ತದೆ.

ಹಂತ 8: ಎದೆಬಡಿತ

ಇಷ್ಟು ಕೇಳಿದ ಮೇಲೂ "ತಾಳ ಇಲ್ಲ, ಸರಿ. ಹಾಗಾದರೆ ಲಯ ಎಲ್ಲಿಂದ ಬಂತು?" ಅನ್ನುವ ಪ್ರಶ್ನೆ ಉಳಿಯುತ್ತದೆ. ಗ್ರೇವ್ಸ್ ಹತ್ತಿರ ಇದಕ್ಕೆ ಉತ್ತರ ಇತ್ತು. ಅದನ್ನು ತಿಳಿದುಕೊಂಡು ಇನ್ನೊಮ್ಮೆ ಕೇಳಿ.

ಅವರು ಪ್ರಾಣಿಗಳ ಔಷಧ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದವರು. ವೈದ್ಯರ ತರಬೇತಿಗೆ ಅಂತ ತಯಾರಿಸಿದ ಎದೆಬಡಿತದ ರೆಕಾರ್ಡ್ ಒಂದು ಅವರ ಕೈಗೆ ಸಿಕ್ಕಿತು. ಆರೋಗ್ಯವಂತ ಹೃದಯ, ಕಾಯಿಲೆ ಹೃದಯ ಎರಡರ ಸದ್ದೂ ಅದರಲ್ಲಿತ್ತು. ಅದನ್ನು ಕೇಳಿದಾಗ ಗ್ರೇವ್ಸ್‌ಗೆ ಕ್ಯೂಬಾದ ಬಾಟಾ ಡ್ರಮ್ಮುಗಳ ನಡೆ ನೆನಪಾಯಿತು. ಅಲ್ಲಿಂದ ಜೀವನವಿಡೀ ಎದೆಬಡಿತ ರೆಕಾರ್ಡ್ ಮಾಡುವುದು, ಅದನ್ನು ಬಿಡಿಸಿ ನೋಡುವುದು ಅವರ ಕೆಲಸವಾಯಿತು. ಅದಕ್ಕೆ ಮನೆಯ ನೆಲಮಾಳಿಗೆಯಲ್ಲಿ ಒಂದು ಪ್ರಯೋಗಾಲಯವೇ ಇತ್ತು.

ಅವರ ವಾದ ಸರಳ. ಜೀವ ಇರುವ ಹೃದಯ ಮೆಟ್ರೊನೋಮಿನಂತೆ ಬಡಿಯುವುದಿಲ್ಲ. ಮೆಟ್ರೊನೋಮ್ ಅಂದರೆ ಟಿಕ್ ಟಿಕ್ ಅಂತ ಒಂದೇ ಅಂತರದಲ್ಲಿ ಸದ್ದು ಮಾಡುವ ಯಂತ್ರ. ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಎರಡು ಬಡಿತಗಳ ನಡುವಿನ ಅಂತರ ಪ್ರತಿ ಸಲವೂ ಕೊಂಚ ಬದಲಾಗುತ್ತಿರುತ್ತದೆ. ಉಸಿರು ಎಳೆದಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ. ಹಾಗಿದ್ದ ಮೇಲೆ ಡ್ರಮ್ ಯಾಕೆ ಯಂತ್ರದಂತೆ ನಡೆಯಬೇಕು ಅನ್ನುವುದು ಗ್ರೇವ್ಸ್ ಪ್ರಶ್ನೆ.

ನೀವೇ ನೋಡಿ. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳು ಇಟ್ಟು ಒಂದು ನಿಮಿಷ ನಿಧಾನಕ್ಕೆ ಉಸಿರಾಡಿ. ಬಡಿತ ಹಿಂದೆ ಮುಂದೆ ಸರಿಯುವುದು ಬೆರಳಿಗೆ ತಿಳಿಯಬಹುದು. ಬೆರಳು ತೆಗೆದು ತಕ್ಷಣ 'ಬಿ' ಹಾಕಿ. ಡ್ರಮ್ ನಿಮ್ಮ ನಾಡಿಗೆ ಹೊಂದಬೇಕು ಅಂತಲ್ಲ. ಸರಿಯುವ ಲಯವನ್ನೂ ಲಯ ಅಂತ ಕಿವಿ ಒಪ್ಪಿಕೊಂಡರೆ ಸಾಕು. ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. 2018ರಲ್ಲಿ ಗ್ರೇವ್ಸ್‌ಗೆ ಬಂದದ್ದೂ ಹೃದಯದ ಕಾಯಿಲೆಯೇ. ಆರು ತಿಂಗಳು ಅಂದಿದ್ದರು ವೈದ್ಯರು. ಎರಡು ವರ್ಷಕ್ಕೂ ಮೀರಿ ಬದುಕಿದರು, ಕೊನೆಯವರೆಗೂ ತಮ್ಮದೇ ಹೃದಯದ ಸದ್ದು ಕೇಳುತ್ತಾ ಅಭ್ಯಾಸ ಮಾಡಿದರು.

ಹಂತ 9: ಪೂರ್ತಿ ಒಮ್ಮೆ

ಈಗ ಮೂರೂ ಟ್ರ್ಯಾಕ್ ಒಟ್ಟಿಗೆ, ಎದ್ದೇಳದೆ. ಹಾಳೆ ಬೇಡ. ನಡುವೆ ಸುಸ್ತಾದರೆ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಿ. ಸುಸ್ತಾಗುವುದು ಸಹಜ. ನುಡಿಸಿದವರಿಗೂ ಆಗಿರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಿನ್ನೆಲೆಯಲ್ಲಿ ಹಾಕಿಕೊಂಡು ಅಡುಗೆ, ಆಫೀಸ್ ಕೆಲಸ ಮಾಡುವುದು. ಇದು ಹಿನ್ನೆಲೆ ಸಂಗೀತ ಅಲ್ಲವೇ ಅಲ್ಲ. ಅರ್ಧ ಗಮನದಲ್ಲಿ ಕೇಳಿದರೆ ಬರೀ ಕಿರಿಕಿರಿ. ಕಾರು ಓಡಿಸುವಾಗಂತೂ ಬೇಡ.

ಆ್ಯಪ್‌ನಲ್ಲಿ ಶಫಲ್ ಹಾಕಿ ಕೇಳುವುದು. ಒಂದು ಟ್ರ್ಯಾಕ್ ಮುಗಿದ ಮೇಲೆ ಯಾವುದೋ ನಯವಾದ ಪಿಯಾನೋ ಬಂದು ಇಷ್ಟು ಹೊತ್ತು ಹದ ಮಾಡಿದ ಕಿವಿ ಮೊದಲಿಗೆ ವಾಪಸ್.

'ಅರ್ಥ ಏನು' ಅಂತ ಹುಡುಕುವುದು. ಆಲ್ಬಂ ಹೆಸರಿಗೆ ಒಂದು ಗುಟ್ಟಿನ ಅರ್ಥ ಇದೆ, ಅದು ಗೊತ್ತಾದರೆ ಎಲ್ಲ ತೆರೆದುಕೊಳ್ಳುತ್ತದೆ ಅಂತ ಕೆಲವರು ನಂಬುತ್ತಾರೆ. ಆ ದಾರಿ ಬೇಡ, ಕೆಲಸ ಕಿವಿಯದು.

"ಇದನ್ನ ಯಾರು ಬೇಕಾದರೂ ಮಾಡಬಹುದು" ಅನ್ನುವುದು. ಹಾಗನ್ನಿಸಿದರೆ ಒಂದು ಡಬ್ಬಿ, ಎರಡು ಕಡ್ಡಿ ತೆಗೆದುಕೊಂಡು ಮೂರು ನಿಮಿಷ ಯಾವ ತಾಳಕ್ಕೂ ಬೀಳದಂತೆ, ಒಂದೇ ಮಾದರಿ ಎರಡು ಸಲ ಬರದಂತೆ ನುಡಿಸಿ ನೋಡಿ. ಅರ್ಧ ನಿಮಿಷದೊಳಗೆ ಕೈ ನಾಲ್ಕರ ನಡೆಗೆ ಜಾರುತ್ತದೆ. ಮಕ್ಕಳ ಜೊತೆ ಆಡಲು ಇದು ಒಳ್ಳೆಯ ಆಟವೂ ಹೌದು.

ಕೊನೆಯದಾಗಿ, ಇಷ್ಟವಾಗಲೇಬೇಕು ಅಂತ ಒದ್ದಾಡುವುದು. ಎಲ್ಲ ಹಂತ ಮುಗಿಸಿ ಇಷ್ಟವಾಗದಿದ್ದರೆ, ಏನು ಇಷ್ಟವಾಗಲಿಲ್ಲ ಅಂತ ಈಗ ನಿಮಗೆ ಬಾಯಿಬಿಟ್ಟು ಹೇಳಲು ಬರುತ್ತದಲ್ಲ.

ಮುಂದೆ ಏನು ಕೇಳಬೇಕು

'ಬಾಬಿ' ಹಿಡಿಸಿದರೆ 'ಚಿಲ್ಡ್ರನ್ ಆಫ್ ದ ಫಾರೆಸ್ಟ್' ಹುಡುಕಿ. ಇದೇ ಮೂವರು, ಇದೇ 1976ರ ಶುರುವಿನಲ್ಲಿ, ಗ್ರೇವ್ಸ್ ಅವರ ಕ್ವೀನ್ಸ್ ಮನೆಯಲ್ಲಿ ನುಡಿಸಿದ್ದು. ಹೊರಬಂದದ್ದು ಮಾತ್ರ 2023ರಲ್ಲಿ. ಜನರಿಲ್ಲದ ಕೋಣೆಯಲ್ಲಿ ಇವರು ಹೇಗೆ ನುಡಿಸುತ್ತಿದ್ದರು ಅಂತ ಹೋಲಿಸಬಹುದು. ಪಕ್ಕಕ್ಕಿಟ್ಟಿದ್ದ 1969ರ ಸಿಡಿಯನ್ನೂ ಈಗ ತೆಗೆಯಿರಿ.

ಊದುವ ವಾದ್ಯ ಜಾಸ್ತಿ ಆಯಿತು, ಡ್ರಮ್ ಮಾತ್ರ ಸಾಕು ಅನ್ನುವವರಿಗೆ ಗ್ರೇವ್ಸ್ ಮತ್ತು ಸಿರಿಲ್ 1974ರಲ್ಲಿ ತಂದ 'ಡಯಲಾಗ್ ಆಫ್ ದ ಡ್ರಮ್ಸ್' ಇದೆ. ಇಬ್ಬರೇ ಡ್ರಮ್ಮರುಗಳು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜನರ ಮುಂದೆ. ಇಬ್ಬರು ಮೃದಂಗ ವಿದ್ವಾಂಸರು ಎದುರು ಬದುರು ಕೂತಾಗ ಆಗುವಂಥ ಸವಾಲ್ ಜವಾಬ್ ಇಲ್ಲಿ ಸಿಗುತ್ತದೆ, ಲೆಕ್ಕ ಮಾತ್ರ ಬೇರೆ.

ಕಣ್ಣಿಂದ ನೋಡಿದರೆ ಬೇಗ ಅರ್ಥವಾಗುತ್ತದೆ ಅನ್ನುವವರು 2018ರ ಸಾಕ್ಷ್ಯಚಿತ್ರ 'ಮಿಲ್ಫರ್ಡ್ ಗ್ರೇವ್ಸ್ ಫುಲ್ ಮ್ಯಾಂಟಿಸ್' ನೋಡಿ. ಅವರ ಶಿಷ್ಯ ಜೇಕ್ ಮೆಗಿನ್ಸ್ಕಿ ಮಾಡಿದ್ದು. ತೋಟ, ಪ್ರಯೋಗಾಲಯ, ಅವರೇ ಕಟ್ಟಿದ 'ಯಾರಾ' ಎಂಬ ಕಾದಾಟದ ಕಲೆ ಎಲ್ಲವೂ ಇದೆ. ಈ ಕಲೆಗೆ ಕೈ ಮುಗಿದಂತೆ ನಿಲ್ಲುವ ಮ್ಯಾಂಟಿಸ್ ಕೀಟದ ಚಲನೆಯನ್ನು ತೋಟದಲ್ಲಿ ಕೂತು ನೋಡಿ ಕಲಿತರಂತೆ.

'ಬಾಬಿ' ಸಹವಾಸವೇ ಸಾಕು, ನಮ್ಮ ಲಯಕ್ಕೆ ಹತ್ತಿರದ ಜಾಝ್ ಬೇಕು ಅಂದರೆ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಮಾಡಿದ 'ಜ್ಯೋತಿ' ಕೇಳಿ. 1983ರದ್ದು, ಇಸಿಎಂ ಲೇಬಲ್ಲಿನದು. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ ನುಡಿಸಿದ್ದಾರೆ. ಇದು ಫ್ರೀ ಜಾಝ್ ಅಲ್ಲ. ಇಲ್ಲಿ ಧಾರಾಳವಾಗಿ ತಾಳ ಹಾಕಿಕೊಳ್ಳಬಹುದು.